ಹಜಿಮೆ ಮೊರಿಯಾಸು: ನೋಟ್‌ಬುಕ್ ಹಿಡಿದು ನಿಂತ ಕೋಚ್ ಬಗ್ಗೆ ನನ್ನದೊಂದು ತಕರಾರು

ಫುಟ್‌ಬಾಲ್ ನೋಡುವ ನನ್ನ ಗೆಳೆಯರ ಬಳಗದಲ್ಲಿ ಜಪಾನ್ ತಂಡದ ಕೋಚ್ ಹಜಿಮೆ ಮೊರಿಯಾಸು ಅವರ ಹೆಸರೆತ್ತಿದರೆ ಒಬ್ಬರಲ್ಲ ಒಬ್ಬರು ನಕ್ಕೇ ನಗುತ್ತಾರೆ. ಆ ಮನುಷ್ಯನಿಗೆ ಸ್ವಂತದ್ದೊಂದು ಆಟದ ಯೋಜನೆಯೇ ಇಲ್ಲ, ಯುರೋಪಿನ ಕ್ಲಬ್ಬುಗಳಲ್ಲಿ ಪಳಗಿದ ಹುಡುಗರು ಕೈಗೆ ಸಿಕ್ಕಿದ್ದಾರೆ, ಗೆಲ್ಲುತ್ತಿದ್ದಾರೆ, ಕೋಚ್ ಮಾತ್ರ ಗೆರೆಯ ಪಕ್ಕದಲ್ಲಿ ನಿಂತು ಪುಟ್ಟ ನೋಟ್‌ಬುಕ್‌ನಲ್ಲಿ ಏನನ್ನೋ ಗೀಚಿಕೊಳ್ಳುತ್ತಿರುತ್ತಾರೆ ಎಂಬುದು ಅವರ ವಾದ. ಜಪಾನಿನಲ್ಲಿಯೂ ಇದೇ ಮಾತು ವರ್ಷಗಟ್ಟಲೆ ಓಡಾಡಿದೆ. ನನಗೆ ಈ ವಾದ ಪೂರ್ತಿ ಸುಳ್ಳು ಅನ್ನಿಸುವುದಿಲ್ಲ. ಆದರೆ ಅದು ಮೊರಿಯಾಸು ಅವರನ್ನು ಕೋಚ್ ಆದ ದಿನದಿಂದ ಮಾತ್ರ ನೋಡುವವರ ವಾದ. ಅವರು ಆಟಗಾರನಾಗಿ ಮೈದಾನದ ಯಾವ ಜಾಗದಲ್ಲಿ ನಿಂತಿದ್ದರು, ಅಲ್ಲಿ ಏನನ್ನು ಕಂಡರು ಎಂಬುದನ್ನು ಸೇರಿಸಿಕೊಂಡು ನೋಡಿದರೆ ಕಥೆ ಬೇರೆಯಾಗುತ್ತದೆ ಎಂದು ನಾನು ಆ ಬಳಗದಲ್ಲಿ ಹಲವು ಸಲ ಹೇಳಿ ಸೋತಿದ್ದೇನೆ. ಹಾಗಾಗಿ ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೊರಿಯಾಸು ಹುಟ್ಟಿದ್ದು 1968ರಲ್ಲಿ, ಶಿಜುವೋಕಾ ಪ್ರಾಂತ್ಯದಲ್ಲಿ, ಬೆಳೆದದ್ದು ನಾಗಸಾಕಿಯಲ್ಲಿ. ಶಾಲಾ ಫುಟ್‌ಬಾಲಿನಲ್ಲಿ ಇಡೀ ದೇಶ ತಿರುಗಿ ನೋಡುವಂತಹ ಹುಡುಗನೇನೂ ಆಗಿರಲಿಲ್ಲ. 1987ರಲ್ಲಿ ಹಿರೋಶಿಮಾದ ಮಜ್ದಾ ಕಾರು ಕಂಪನಿಯ ತಂಡಕ್ಕೆ ಸೇರಿದಾಗ ಮೂಲ ಕಂಪನಿಯಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಅದರ ಸಾಗಣೆ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಂಗಸಂಸ್ಥೆಯೊಂದರಲ್ಲಿ ಸೇರಿಸಿಕೊಂಡರು. ಆಗಿನ್ನೂ ಜಪಾನಿನಲ್ಲಿ ವೃತ್ತಿಪರ ಲೀಗ್ ಇರಲಿಲ್ಲ. ಕಂಪನಿಗಳ ತಂಡಗಳೇ ಆಡುತ್ತಿದ್ದವು, ಆಟಗಾರರು ಅದೇ ಕಂಪನಿಗಳ ನೌಕರರಾಗಿರುತ್ತಿದ್ದರು. ನಾಗಸಾಕಿಯ ಹುಡುಗ ಹಿರೋಶಿಮಾಕ್ಕೆ ಬಂದು ಬದುಕು ಕಟ್ಟಿಕೊಂಡದ್ದು ಆಕಸ್ಮಿಕವೇ ಇರಬಹುದು. ಆದರೂ ಬಾಂಬು ಬಿದ್ದ ಎರಡೂ ಊರುಗಳನ್ನು ತನ್ನವೆಂದುಕೊಂಡ ಈ ಮನುಷ್ಯ ಮುಂದೆ ಶಾಂತಿಯ ಬಗ್ಗೆ ಮಾತನಾಡಿದಾಗ ಅದು ಸಮಾರಂಭದ ಭಾಷಣದಂತೆ ಕೇಳಿಸಲಿಲ್ಲ.

ಅವರನ್ನು ರಾಷ್ಟ್ರೀಯ ತಂಡಕ್ಕೆ ಕರೆತಂದವರು ಡಚ್ ಕೋಚ್ ಹಾನ್ಸ್ ಊಫ್ಟ್. 1992ರಲ್ಲಿ ಜಪಾನ್ ತಂಡದ ಹೊಣೆ ಹೊತ್ತ ಊಫ್ಟ್ ಅದಕ್ಕೂ ಮೊದಲು ಮಜ್ದಾದಲ್ಲಿ ಇದ್ದವರಾದ್ದರಿಂದ, ಬೇರೆಯವರ ಕಣ್ಣಿಗೆ ಬೀಳದ ಈ ಮಿಡ್‌ಫೀಲ್ಡರನ್ನು ಬಲ್ಲವರಾಗಿದ್ದರು. ತಂಡದ ಪಟ್ಟಿ ಹೊರಬಿದ್ದಾಗ ಈ ಹೆಸರನ್ನು ಓದುವುದು ಹೇಗೆಂಬುದೇ ಅನೇಕರಿಗೆ ತಿಳಿಯಲಿಲ್ಲ. ಜಪಾನಿ ಲಿಪಿಯಲ್ಲಿ ‘ಮೊರಿಯಾಸು ಹಜಿಮೆ’ ಎಂಬ ಮೂರು ಅಕ್ಷರಗಳನ್ನು ಎಲ್ಲಿ ಬಿಡಿಸಬೇಕೆಂದು ಗೊತ್ತಾಗದೆ ‘ಮೊರಿ’ ಎಂಬುದೇ ಮನೆತನದ ಹೆಸರೆಂದುಕೊಂಡು ಉಳಿದದ್ದನ್ನು ‘ಹೊಯಿಚಿ’ ಎಂದು ಓದಿದರು. ಅಲ್ಲಿಂದ ಹುಟ್ಟಿದ ‘ಪೊಯಿಚಿ’ ಎಂಬ ಅಡ್ಡಹೆಸರು ಇಂದಿಗೂ ಅವರನ್ನು ಬಿಟ್ಟಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅರ್ಜೆಂಟೀನಾ ವಿರುದ್ಧ ಅವರು ಮೊದಲ ಪಂದ್ಯ ಆಡಿದರು. ಅದೇ ವರ್ಷ ಹಿರೋಶಿಮಾದಲ್ಲಿ ನಡೆದ ಏಷ್ಯನ್ ಕಪ್ ಜಪಾನಿನ ಪಾಲಾಯಿತು, ಮೊಟ್ಟಮೊದಲ ಬಾರಿಗೆ.

ಅವರ ಜಾಗ ಯಾವುದೆಂದು ಹೇಳದೆ ಮುಂದೆ ಹೋಗುವಂತಿಲ್ಲ. ರಕ್ಷಣಾ ಸಾಲಿನ ಎದುರಿಗೇ ನಿಂತು, ಎದುರಾಳಿಯ ಪಾಸುಗಳಿಗೆ ಅಡ್ಡ ಬಂದು, ಕಸಿದ ಚೆಂಡನ್ನು ಹತ್ತಿರದ ಪ್ರತಿಭಾವಂತನಿಗೆ ಒಪ್ಪಿಸಿ ಸುಮ್ಮನಾಗುವ ಕೆಲಸ ಅದು. ಜಪಾನೀಯರು ಈ ಜಾಗವನ್ನು ಬ್ರೆಜಿಲ್‌ನಿಂದ ಬಂದ ‘ವೊಲಾಂಚಿ’ ಎಂಬ ಪದದಿಂದ ಕರೆಯುತ್ತಾರೆ. ಪೋರ್ಚುಗೀಸ್ ಭಾಷೆಯಲ್ಲಿ ಹಾಗೆಂದರೆ ವಾಹನದ ಸ್ಟಿಯರಿಂಗ್ ಚಕ್ರ. ಕಾರು ಕಂಪನಿಯ ತಂಡದಿಂದ ಬಂದವನಿಗೆ ಒಪ್ಪುವ ಹೆಸರೇ ಸರಿ. ಇಲ್ಲಿ ನಿಂತವನಿಗೆ ಗೋಲಿನ ಸಂಭ್ರಮ ಅಪರೂಪ. ಮೊರಿಯಾಸು ದೇಶಕ್ಕಾಗಿ 35 ಪಂದ್ಯ ಆಡಿ ಹೊಡೆದದ್ದು ಒಂದೇ ಗೋಲು. ಆದರೆ ಸಹ ಆಟಗಾರರಲ್ಲಿ ಯಾರು ಎಲ್ಲಿ ಜಾಗ ಬಿಟ್ಟು ಓಡಿದ್ದಾರೆ, ಯಾರ ಕಾಲು ಸೋತಿದೆ, ಯಾರಿಗೆ ಕೋಪ ಬಂದಿದೆ ಎಂಬುದು ಮೈದಾನದ ಆ ಜಾಗದಿಂದ ಕಂಡಷ್ಟು ಚೆನ್ನಾಗಿ ಇನ್ನೆಲ್ಲಿಂದಲೂ ಕಾಣುವುದಿಲ್ಲ.

1993ರ ಅಕ್ಟೋಬರ್ 28ರ ರಾತ್ರಿ ಡೋಹಾದ ಅಲ್-ಅಹ್ಲಿ ಮೈದಾನದಲ್ಲಿ ಅವರು ನಿಂತಿದ್ದದ್ದೂ ಅಲ್ಲಿಯೇ. ಅಮೆರಿಕದ ವಿಶ್ವಕಪ್‌ಗೆ ಏಷ್ಯಾದಿಂದ ಎರಡೇ ತಂಡಗಳಿಗೆ ಅವಕಾಶ. ಇರಾಕ್ ವಿರುದ್ಧದ ಕೊನೆಯ ಪಂದ್ಯ ಗೆದ್ದರೆ ಜಪಾನ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ವಿಶ್ವಕಪ್ ಆಡುತ್ತಿತ್ತು. ಐದನೇ ನಿಮಿಷದಲ್ಲಿ ಕಜುಯೋಶಿ ಮಿಯುರಾ ಗೋಲು ಹೊಡೆದರು. ವಿರಾಮದ ನಂತರ ಅಹ್ಮದ್ ರಾಧಿ ಸಮ ಮಾಡಿದರು. 69ನೇ ನಿಮಿಷದಲ್ಲಿ ಮಸಾಶಿ ನಕಾಯಾಮಾ ಮತ್ತೆ ಮುನ್ನಡೆ ಕೊಟ್ಟರು. ತೊಂಬತ್ತು ನಿಮಿಷ ಮುಗಿದೇ ಹೋಯಿತು ಎನ್ನುವಷ್ಟರಲ್ಲಿ ಇರಾಕಿಗೆ ಒಂದು ಕಾರ್ನರ್ ಸಿಕ್ಕಿತು. ಚೆಂಡು ನೇರವಾಗಿ ಗೋಲಿನ ಮುಂದೆ ಬರುತ್ತದೆಂದು ಎಲ್ಲರೂ ಕಾದು ನಿಂತಿರುವಾಗ ಇರಾಕಿನವರು ಅದನ್ನು ಪಕ್ಕದಲ್ಲಿದ್ದವನಿಗೆ ಮೆಲ್ಲನೆ ತಳ್ಳಿದರು. ತಡೆಯಲು ಓಡಿದ್ದು ಮುಂಚೂಣಿಯ ಆಟಗಾರ ಮಿಯುರಾ. ಅವರನ್ನು ದಾಟಿಸಿ ಬಂದ ಕ್ರಾಸಿಗೆ ಜಾಫರ್ ಒಮ್ರಾನ್ ತಲೆಯೊಡ್ಡಿದರು, ಚೆಂಡು ಕಮಾನಿನಂತೆ ಏರಿ ಬಲೆಯೊಳಗೆ ಇಳಿಯಿತು. ಗೋಲ್‌ಕೀಪರ್ ನಿಂತಲ್ಲಿಂದ ಕದಲಲಿಲ್ಲ. ಸ್ಕೋರು 2-2. ಅತ್ತ ಉತ್ತರ ಕೊರಿಯಾವನ್ನು 3-0ರಿಂದ ಸೋಲಿಸಿದ್ದ ದಕ್ಷಿಣ ಕೊರಿಯಾ, ಅಂಕಗಳಲ್ಲಿ ಜಪಾನಿಗೆ ಸಮನಾಗಿದ್ದರೂ ಗೋಲು ವ್ಯತ್ಯಾಸದಲ್ಲಿ ಮುಂದಿದ್ದುದರಿಂದ ಸೌದಿ ಅರೇಬಿಯಾದ ಜೊತೆ ಅಮೆರಿಕಕ್ಕೆ ಹೊರಟಿತು. ಜಪಾನಿನ ಆಟಗಾರರು ಹುಲ್ಲಿನ ಮೇಲೆ ಕುಸಿದು ಕೂತ ಆ ದೃಶ್ಯವನ್ನು ಅಲ್ಲಿಯ ಜನ ಇಂದಿಗೂ ‘ಡೋಹಾದ ದುರಂತ’ ಎಂದೇ ಕರೆಯುತ್ತಾರೆ.

ಆ ತಲೆಮಾರಿನಲ್ಲಿ ಆಮೇಲೆ ಕೋಚ್ ಆದವರು ಹಲವರಿದ್ದಾರೆ. ಆದರೆ ಕೊನೆಯ ಒಂದು ನಿಮಿಷವನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆಯನ್ನು ಇವರಷ್ಟು ವರ್ಷ ಹೊತ್ತು ತಿರುಗಿದವರು ಇರಲಾರರು ಎಂದು ನನ್ನ ಊಹೆ.

ಕ್ಲಬ್ ಆಟಗಾರನಾಗಿ ಅವರ ಬದುಕನ್ನು ಇಲ್ಲಿ ಬೇಗನೆ ದಾಟಿಬಿಡುತ್ತೇನೆ. 1993ರಲ್ಲಿ ಜಪಾನಿನ ವೃತ್ತಿಪರ ಲೀಗ್ ಆದ ಜೆ ಲೀಗ್ ಆರಂಭವಾದಾಗ ಮಜ್ದಾ ತಂಡ ‘ಸಾನ್‌ಫ್ರೆಚೆ ಹಿರೋಶಿಮಾ’ ಆಯಿತು. ಜಪಾನಿಯಲ್ಲಿ ‘ಸಾನ್’ ಎಂದರೆ ಮೂರು, ಇಟಾಲಿಯನ್ನಿನಲ್ಲಿ ‘ಫ್ರೆಚೆ’ ಎಂದರೆ ಬಾಣಗಳು. ಆ ಸೀಮೆಯನ್ನು ಆಳಿದ ಮೋರಿ ಮೊತೊನಾರಿ ತನ್ನ ಮೂವರು ಮಕ್ಕಳಿಗೆ ಒಂದು ಬಾಣ ಮುರಿಯಬಹುದು, ಒಟ್ಟಿಗೆ ಹಿಡಿದ ಮೂರು ಬಾಣಗಳನ್ನು ಮುರಿಯಲಾಗದು ಎಂದು ತೋರಿಸಿಕೊಟ್ಟ ಕಥೆ ಅಲ್ಲಿ ಮನೆಮಾತು. 1994ರಲ್ಲಿ ಲೀಗಿನ ಮೊದಲ ಹಂತ ಗೆದ್ದ ತಂಡದಲ್ಲಿ ಮೊರಿಯಾಸು ಇದ್ದರು. ನಡುವೆ ಒಂದು ವರ್ಷ ಕ್ಯೋಟೊ, ಕೊನೆಗೆ ವೆಗಾಲ್ಟಾ ಸೆಂಡೈ. 2003ರ ಋತು ಮುಗಿದ ಮೇಲೆ ಆಟ ನಿಲ್ಲಿಸಿದರು.

ಹಿರೋಶಿಮಾದ ಹೊಣೆ ಅವರ ಹೆಗಲಿಗೆ ಬಂದದ್ದು 2012ರಲ್ಲಿ. ಅದಕ್ಕೆ ಮುಂಚೆ ಮಿಹಾಯ್ಲೊ ಪೆಟ್ರೊವಿಚ್ ಎಂಬ ಕೋಚ್ ಆ ತಂಡಕ್ಕೊಂದು ವಿಶಿಷ್ಟ ಆಟದ ಶೈಲಿ ಕಲಿಸಿದ್ದರು: ಹಿಂದೆ ಮೂವರು, ನಡುವೆ ನಾಲ್ವರು, ಅವರ ಮುಂದೆ ಇಬ್ಬರು, ತುದಿಯಲ್ಲಿ ಒಬ್ಬ. ನೋಡಲು ಸೊಗಸಾಗಿದ್ದ ಆ ಆಟಕ್ಕೆ ದೇಶದ ಅಗ್ರ ಲೀಗಿನ ಪ್ರಶಸ್ತಿ ಮಾತ್ರ ಒಲಿದಿರಲಿಲ್ಲ. ಹಣವಂತ ಉರಾವಾ ರೆಡ್ಸ್ ಕ್ಲಬ್ ಪೆಟ್ರೊವಿಚ್ ಅವರನ್ನು ಕರೆದುಕೊಂಡಿತು. ಮುಂದಿನ ವರ್ಷಗಳಲ್ಲಿ ಹಿರೋಶಿಮಾದಿಂದ ಮೊರಿವಾಕಿ, ಗೋಲ್‌ಕೀಪರ್ ನಿಶಿಕಾವಾ ಮುಂತಾದವರನ್ನೂ ಒಬ್ಬೊಬ್ಬರಾಗಿ ತನ್ನೊಳಗೆ ಸೇರಿಸಿಕೊಂಡಿತು. ಹೀಗೆ ಬರಿದಾಗುತ್ತಿದ್ದ ಕ್ಲಬ್ಬನ್ನು ಮೊರಿಯಾಸು 2012, 2013 ಮತ್ತು 2015ರಲ್ಲಿ ಚಾಂಪಿಯನ್ ಮಾಡಿದರು. ಕೋಚ್ ಆದ ಮೊದಲ ವರ್ಷವೇ ಬಂದದ್ದು ಕ್ಲಬ್ಬಿನ ಮೊದಲ ಜೆ ಲೀಗ್ ಪ್ರಶಸ್ತಿ. ಅವರು ಪೆಟ್ರೊವಿಚ್ ಅವರ ರಚನೆಯನ್ನು ಕೆಡವಲಿಲ್ಲ, ಅದರ ಬೆನ್ನಿಗೆ ಬಲ ಕೊಟ್ಟರು. ಚೆಂಡು ಕಳೆದುಕೊಂಡ ಕೂಡಲೇ ಅಂಚಿನ ಇಬ್ಬರೂ ಹಿಂದಕ್ಕೆ ಓಡಿ ಐವರ ಗೋಡೆ ಕಟ್ಟುವಂತೆ ಮಾಡಿದರು. 2013ರಲ್ಲಿ 34 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 29 ಗೋಲು. ಆ ವರ್ಷದ ಕೊನೆಯ ದಿನ ಹಿರೋಶಿಮಾ ಕಾಶಿಮಾದಲ್ಲಿ ಗೆದ್ದು, ಯೋಕೊಹಾಮಾ ಎಫ್. ಮರಿನೋಸ್ ಕವಾಸಾಕಿಯಲ್ಲಿ ಸೋತು, ಒಂದೇ ಒಂದು ಅಂಕದ ಅಂತರದಲ್ಲಿ ಪ್ರಶಸ್ತಿ ಬಂತು. ಸ್ವಂತದ ಯೋಜನೆಯಿಲ್ಲದ ಮನುಷ್ಯ ಎಂದು ಗೇಲಿ ಮಾಡುವವರು ಈ ನಾಲ್ಕು ವರ್ಷಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದೇ ನನ್ನ ಮುಖ್ಯ ತಕರಾರು. ಇನ್ನೊಬ್ಬರು ಕಟ್ಟಿದ್ದನ್ನು ಅಹಂಕಾರವಿಲ್ಲದೆ ಉಳಿಸಿಕೊಂಡು, ಅದರಲ್ಲಿ ಸೋರುತ್ತಿದ್ದ ಜಾಗವನ್ನಷ್ಟೇ ಹುಡುಕಿ ಮುಚ್ಚುವುದಕ್ಕೂ ಯೋಜನೆ ಬೇಕು. ಮೈದಾನದಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅವರು ಮಾಡಿದ್ದೂ ಇದನ್ನೇ ಅಲ್ಲವೇ?

ಆ ಅಧ್ಯಾಯ ಸುಖಾಂತವಾಗಲಿಲ್ಲ. 2017ರಲ್ಲಿ ಹಿರೋಶಿಮಾ ಪಟ್ಟಿಯ ತಳಕ್ಕೆ ಇಳಿದಾಗ ಜುಲೈನಲ್ಲಿ ಅವರು ಹುದ್ದೆ ಬಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಟೋಕಿಯೊ ಒಲಿಂಪಿಕ್ಸ್ ತಂಡದ ಜವಾಬ್ದಾರಿ ಸಿಕ್ಕಿತು. 2018ರ ವಿಶ್ವಕಪ್‌ನಲ್ಲಿ ಅಕಿರಾ ನಿಶಿನೊ ಅವರ ಸಹಾಯಕರಾಗಿ ರಷ್ಯಾಕ್ಕೆ ಹೋದರು. ಅಲ್ಲಿ ಬೆಲ್ಜಿಯಂ ವಿರುದ್ಧ 2-0 ಮುಂದಿದ್ದ ಜಪಾನ್, ಕೊನೆಯ ಗಳಿಗೆಯಲ್ಲಿ ತನ್ನದೇ ಕಾರ್ನರಿನಿಂದ ಎದ್ದ ಮಿಂಚಿನ ಪ್ರತಿದಾಳಿಗೆ ಸಿಕ್ಕಿ 2-3ರಿಂದ ಸೋತಾಗ ಮೊರಿಯಾಸು ಅದನ್ನು ಬೆಂಚಿನಲ್ಲಿ ಕೂತು ನೋಡಿದರು. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಎರಡನೇ ಸಲ, ಕೊನೆಯ ನಿಮಿಷ. ಆ ಜುಲೈ ಕೊನೆಗೆ ಅವರೇ ಮುಖ್ಯ ಕೋಚ್.

ಮೊದಲ ಮೂರು ವರ್ಷ ಅವರಿಗೆ ಹೂವಿನ ಹಾಸಿಗೆಯಾಗಿರಲಿಲ್ಲ. 2019ರ ಏಷ್ಯನ್ ಕಪ್ ಫೈನಲ್‌ನಲ್ಲಿ ಕತಾರ್ ಎದುರು 1-3ರ ಸೋಲು. ಕೊರೊನಾದಿಂದ ಒಂದು ವರ್ಷ ತಡವಾಗಿ, ತವರಿನಲ್ಲಿ, ಪ್ರೇಕ್ಷಕರಿಲ್ಲದೆ ನಡೆದ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ಎದುರು ಹೆಚ್ಚುವರಿ ಸಮಯದಲ್ಲಿ ಸೋತು, ಕಂಚಿನ ಪಂದ್ಯದಲ್ಲಿ ಮೆಕ್ಸಿಕೊ ಎದುರೂ ಸೋತು ನಾಲ್ಕನೇ ಸ್ಥಾನ. ಅದಾಗಿ ಒಂದು ತಿಂಗಳೂ ಕಳೆಯದೆ, ವಿಶ್ವಕಪ್ ಅರ್ಹತೆಯ ಅಂತಿಮ ಸುತ್ತಿನ ಮೊದಲ ಪಂದ್ಯದಲ್ಲಿ ಒಮಾನ್ ತಂಡ ಜಪಾನನ್ನು ಅದರ ಮನೆಯಲ್ಲೇ 1-0ರಿಂದ ಸೋಲಿಸಿತು. ಅಕ್ಟೋಬರಿನಲ್ಲಿ ಜೆಡ್ಡಾದಲ್ಲಿ ಸೌದಿ ಅರೇಬಿಯಾದ ಎದುರೂ ಸೋಲು. ಮೂರು ಪಂದ್ಯಗಳಲ್ಲಿ ಎರಡು ಸೋಲು ಎಂದಾಗ ಅವರನ್ನು ತೆಗೆಯಬೇಕೆಂಬ ಕೂಗು ಎದ್ದಿತು. ಐದು ದಿನಗಳ ನಂತರ ಸೈತಾಮಾದಲ್ಲಿ ಆಸ್ಟ್ರೇಲಿಯಾ ಎದುರಿಗಿತ್ತು. ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆ ಹಾಡುವಾಗ ಕೋಚ್ ಕಣ್ಣಲ್ಲಿ ನೀರು ತುಂಬಿದ್ದನ್ನು ಕ್ಯಾಮೆರಾ ಹಿಡಿಯಿತು. ಆ ದಿನ ಅವರು ಅದುವರೆಗಿನ ರಚನೆಯನ್ನು ಬಿಟ್ಟು ನಡುಭಾಗದಲ್ಲಿ ಮೂವರನ್ನು ನಿಲ್ಲಿಸಿ, ಆವೊ ತನಾಕಾ ಎಂಬ ಯುವಕನನ್ನು ಆಡಿಸಿದರು. ಎಂಟನೇ ನಿಮಿಷದಲ್ಲಿ ತನಾಕಾ ಗೋಲು ಹೊಡೆದರು, ಜಪಾನ್ 2-1ರಿಂದ ಗೆದ್ದಿತು. ಮರುವರ್ಷ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ಅದೇ ಆಸ್ಟ್ರೇಲಿಯಾವನ್ನು ಸೋಲಿಸಿ ಅರ್ಹತೆಯೂ ಸಿಕ್ಕಿತು. ಹೋಗಬೇಕಾಗಿದ್ದ ಊರು ಮತ್ತೆ ಡೋಹಾ.

2022ರ ನವೆಂಬರ್ 23ರ ಸಂಜೆ ಆರೂವರೆಗೆ ಜರ್ಮನಿಯ ಎದುರಿನ ಪಂದ್ಯವನ್ನು ನಾನು ಮೊಬೈಲಿನ ಜಿಯೋ ಸಿನಿಮಾದಲ್ಲಿ, ಬೆಂಗಳೂರಿನ ಬಸ್ಸೊಂದರಲ್ಲಿ ನಿಂತುಕೊಂಡು ನೋಡತೊಡಗಿದೆ. ಮೊದಲರ್ಧದ ಜಪಾನನ್ನು ನೋಡಿದ್ದರೆ ನನ್ನ ಗೆಳೆಯರ ಗೇಲಿಯನ್ನು ನಾನೇ ಒಪ್ಪಿಬಿಡುತ್ತಿದ್ದೆ. ಜರ್ಮನಿಯ ಎಡಗಡೆಯಲ್ಲಿ ಡೇವಿಡ್ ರೌಮ್ ಪದೇ ಪದೇ ಒಂಟಿಯಾಗಿ ಸಿಗುತ್ತಿದ್ದರು, ಅವರನ್ನು ಕೆಡವಿದ್ದಕ್ಕೇ ಪೆನಾಲ್ಟಿ ಆಯಿತು, ಗುಂಡೊಗಾನ್ ಗೋಲು ಹೊಡೆದರು. ವಿರಾಮದಲ್ಲಿ ಮೊರಿಯಾಸು ಮುಂದಾಳುಗಳಲ್ಲಿ ಒಬ್ಬರಾದ ಕುಬೊ ಅವರನ್ನು ತೆಗೆದು ರಕ್ಷಕ ತೊಮಿಯಾಸು ಅವರನ್ನು ಕಳಿಸಿದರು. ಸೋಲುತ್ತಿರುವ ತಂಡ ಗೋಲು ಹೊಡೆಯುವವನನ್ನು ಕೂರಿಸಿ ತಡೆಯುವವನನ್ನು ಇಳಿಸುವುದನ್ನು ಕಂಡು ನಾನು ಬಸ್ಸಿನಲ್ಲಿಯೇ ತಲೆ ಚಚ್ಚಿಕೊಂಡೆ. ಆದರೆ ಹಿಂದೆ ಮೂವರಾದ ಕೂಡಲೇ ರೌಮ್ ಅವರಿಗೆ ಸಿಗುತ್ತಿದ್ದ ಜಾಗ ಮಾಯವಾಯಿತು. ಹಿಂದಿನ ಬಾಗಿಲು ಭದ್ರವಾದ ಮೇಲೆ ಒಬ್ಬೊಬ್ಬರಾಗಿ ಮಿತೊಮಾ, ಅಸಾನೊ, ದೋಆನ್, ಮಿನಾಮಿನೊ ಒಳಗೆ ಬಂದರು. ರಕ್ಷಕರಿರಬೇಕಾದ ಎರಡೂ ಅಂಚುಗಳಲ್ಲಿ ಕೊನೆಗೆ ದಾಳಿಕೋರರೇ ನಿಂತಿದ್ದರು. 75ನೇ ನಿಮಿಷದಲ್ಲಿ ಆಗಷ್ಟೇ ಬಂದ ಮಿನಾಮಿನೊ ಹೊಡೆದ ಚೆಂಡು ಜರ್ಮನಿಯ ಗೋಲ್‌ಕೀಪರ್ ನೊಯರ್ ಕೈಗೆ ತಾಗಿ ಹೊರಬಿದ್ದಾಗ ದೋಆನ್ ಅದನ್ನು ಬಲೆಗೆ ಸೇರಿಸಿದರು. 83ನೇ ನಿಮಿಷದಲ್ಲಿ ತಮ್ಮದೇ ಅರ್ಧದಿಂದ ಇತಾಕುರಾ ಎತ್ತಿ ಕಳಿಸಿದ ಉದ್ದನೆಯ ಫ್ರೀ ಕಿಕ್ ಅನ್ನು ಅಸಾನೊ ಓಡುತ್ತಲೇ ಬಲಗಾಲಿನಿಂದ ಮೆದುವಾಗಿ ಇಳಿಸಿಕೊಂಡು, ಬೆನ್ನಿಗೆ ಬಿದ್ದ ಶ್ಲಾಟರ್‌ಬೆಕ್ ಅವರನ್ನು ಭುಜದಿಂದ ದೂರವಿಟ್ಟು, ಗೋಲುಕಂಬಕ್ಕೂ ನೊಯರ್ ತಲೆಗೂ ನಡುವೆ ಇದ್ದ ಇಷ್ಟೇ ಇಷ್ಟು ಸಂದಿಯಲ್ಲಿ ಚೆಂಡನ್ನು ಮೇಲಕ್ಕೆ ಬಾರಿಸಿದರು. ನನ್ನ ನಿಲ್ದಾಣ ಯಾವಾಗಲೋ ಹಿಂದೆ ಹೋಗಿತ್ತು.

ಮುಂದಿನ ಪಂದ್ಯಕ್ಕೆ ಅವರು ಐವರನ್ನು ಬದಲಿಸಿ ಕೋಸ್ಟರಿಕಾ ಎದುರು 0-1ರಿಂದ ಸೋತರು. ಜರ್ಮನಿಯ ರಾತ್ರಿ ಹೊಗಳಿದವರೇ ನಾಲ್ಕು ದಿನಗಳಲ್ಲಿ ತೆಗಳಿದರು. ಸ್ಪೇನ್ ವಿರುದ್ಧ ಮತ್ತೆ ಮೊದಲು ಗೋಲು ಬಿಟ್ಟುಕೊಟ್ಟು, ಮತ್ತೆ ವಿರಾಮದಲ್ಲಿ ಮಿತೊಮಾ ಮತ್ತು ದೋಆನ್ ಅವರನ್ನು ಇಳಿಸಿ, ಮೂರು ನಿಮಿಷಗಳ ಅಂತರದಲ್ಲಿ ಎರಡು ಗೋಲು ಹೊಡೆದರು. ಎರಡನೆಯದರಲ್ಲಿ ಮಿತೊಮಾ ಕಾಲಿನಿಂದ ಸೆಳೆದ ಚೆಂಡು ಗೆರೆಯ ಮೇಲೆ ಉಳಿದಿದ್ದದ್ದು ಎರಡು ಮಿಲಿಮೀಟರಿಗೂ ಕಡಿಮೆ. ಆ ಪಂದ್ಯದಲ್ಲಿ ಚೆಂಡು ಜಪಾನಿನ ಕಾಲಲ್ಲಿ ಇದ್ದದ್ದು ಶೇಕಡಾ 18ರಷ್ಟು ಮಾತ್ರ. ಪಂದ್ಯದ ಕೊನೆಯ ಒಂದು ನಿಮಿಷ ಉಳಿದಿದ್ದಾಗ ತಮಗೆ 1993ರ ಡೋಹಾ ನೆನಪಾಯಿತೆಂದು ಮೊರಿಯಾಸು ಆಮೇಲೆ ಪತ್ರಕರ್ತರ ಮುಂದೆ ಹೇಳಿದರು. ಈ ಸಲ ಅವರ ಹುಡುಗರು ಆ ನಿಮಿಷದಲ್ಲಿ ಹಿಂದೆ ಸರಿದು ಕಾಯದೆ, ಚೆಂಡಿನತ್ತ ನುಗ್ಗಿ ಕಸಿಯಲು ಹೋಗುತ್ತಿದ್ದರು. ಜರ್ಮನಿ ಮನೆಗೆ ಹೋಯಿತು, ಜಪಾನ್ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು.

ಹೀಗೆ ಹೊಗಳುತ್ತಾ ಹೋದರೆ ನನ್ನ ಗೆಳೆಯರು ಕ್ರೊಯೇಷಿಯಾ ಎಂಬ ಹೆಸರನ್ನು ತೆಗೆಯುತ್ತಾರೆ, ಅದು ನ್ಯಾಯವೇ. ಹದಿನಾರರ ಸುತ್ತಿನಲ್ಲಿ 1-1 ಸಮವಾಗಿ ಪೆನಾಲ್ಟಿ ಶೂಟೌಟ್ ಬಂದಾಗ ಯಾರು ಯಾವ ಕ್ರಮದಲ್ಲಿ ಒದೆಯಬೇಕೆಂದು ಕೋಚ್ ಹೇಳಲಿಲ್ಲ. ಮುಂದೆ ಬರಲು ಇಷ್ಟವಿರುವವರು ಕೈ ಎತ್ತಿ ಎಂದರು. ಕೆಲವು ಕ್ಷಣ ಯಾರೂ ಕೈ ಎತ್ತದಿದ್ದಾಗ ತಾನೇ ಮೊದಲು ಹೋಗುತ್ತೇನೆಂದು ಹೊರಟವರು ಮಿನಾಮಿನೊ. ಅವರ ಒದೆತವನ್ನು ಕ್ರೊಯೇಷಿಯಾದ ಗೋಲ್‌ಕೀಪರ್ ಲಿವಾಕೊವಿಚ್ ತಡೆದರು, ಮಿತೊಮಾ ಮತ್ತು ನಾಯಕ ಯೋಶಿದಾ ಅವರದ್ದನ್ನೂ ತಡೆದರು. ಆಟಗಾರರ ಮೇಲಿನ ನಂಬಿಕೆ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ನಾನು ಸಮರ್ಥಿಸುವುದಿಲ್ಲ. ನೂರಿಪ್ಪತ್ತು ನಿಮಿಷ ಓಡಿ ದಣಿದವರ ಹೆಗಲಿನಿಂದ ಒಂದು ನಿರ್ಧಾರದ ಭಾರವನ್ನಾದರೂ ಇಳಿಸುವುದು ಕೋಚ್ ಕೆಲಸವಾಗಿತ್ತು. ಸೋತ ಮೇಲೆ ಅವರು ಒಬ್ಬರೇ ಮೈದಾನದಲ್ಲಿ ನಿಂತು ಜಪಾನಿ ಅಭಿಮಾನಿಗಳಿದ್ದ ಕಡೆಗೆ ಸೊಂಟ ಬಾಗಿಸಿ ಬಹಳ ಹೊತ್ತು ನಮಸ್ಕರಿಸಿದ ಚಿತ್ರ ಜಗತ್ತನ್ನೇ ಸುತ್ತಿತು. ನನಗೆ ಮಾತ್ರ ಅದಕ್ಕಿಂತ ಆ ಕೆಲವು ಕ್ಷಣಗಳ ಮೌನವೇ ಹೆಚ್ಚು ಕಾಡುತ್ತದೆ.

ಇದೇ ದೋಷ 2024ರ ಏಷ್ಯನ್ ಕಪ್‌ನಲ್ಲಿ ಮತ್ತೊಮ್ಮೆ ಬಯಲಾಯಿತು. ಆಗಲೂ ಆಟ ನಡೆದದ್ದು ಕತಾರಿನಲ್ಲೇ, ಗುಂಪಿನ ಹಂತದಲ್ಲಿ 1-2ರ ಸೋಲು ಆಗಲೂ ಇರಾಕ್ ಎದುರೇ. ವಿಧಿಗೂ ಒಂದು ಹಾಸ್ಯಪ್ರಜ್ಞೆ ಇದೆ ಎನ್ನಬೇಕು. ಕ್ವಾರ್ಟರ್ ಫೈನಲ್‌ನಲ್ಲಿ ಇರಾನ್ ತಂಡ ಉದ್ದುದ್ದದ ಚೆಂಡುಗಳನ್ನು ಇತಾಕುರಾ ಇದ್ದ ಕಡೆಗೇ ಎಸೆಯುತ್ತಿತ್ತು, ಅವರು ತತ್ತರಿಸುತ್ತಿದ್ದದ್ದು ಬೆಂಗಳೂರಿನಲ್ಲಿ ಕೂತ ನಮಗೂ ಕಾಣುತ್ತಿತ್ತು. ಮೊರಿಯಾಸು ಹಿಂದಿನ ಸಾಲನ್ನು ಮುಟ್ಟಲಿಲ್ಲ. ಹೆಚ್ಚುವರಿ ನಿಮಿಷಗಳಲ್ಲಿ ಇತಾಕುರಾ ಅವರಿಂದಲೇ ಪೆನಾಲ್ಟಿಯಾಗಿ, ಜಹಾನ್‌ಬಕ್ಷ್ ಗೋಲು ಹೊಡೆದು, ಜಪಾನ್ 1-2ರಿಂದ ಹೊರಬಿದ್ದಿತು. ನಂಬಿದವನನ್ನು ಸಂಕಟದಲ್ಲಿ ಕೈಬಿಡಲಾರೆ ಎಂಬ ಸ್ವಭಾವ ಮನುಷ್ಯನಲ್ಲಿ ಇದ್ದರೆ ಒಳ್ಳೆಯದೇ. ಆ ದಿನ ಮಾತ್ರ ಅದು ಆಟಗಾರನಿಗೂ ಒಳಿತು ಮಾಡಲಿಲ್ಲ, ತಂಡಕ್ಕೂ ಮಾಡಲಿಲ್ಲ.

ಇಷ್ಟಾದರೂ 2022ರ ನಂತರ ಅವರನ್ನೇ ಮುಂದುವರಿಸಿದ ಜಪಾನ್ ಫುಟ್‌ಬಾಲ್ ಸಂಸ್ಥೆಯ ನಿರ್ಧಾರ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ವಿಶ್ವಕಪ್ ಮುಗಿದ ಕೂಡಲೇ ಕೋಚ್ ಬದಲಿಸುವುದು ಅಲ್ಲಿಯ ರೂಢಿಯಾಗಿತ್ತು. ಒಂದು ವಿಶ್ವಕಪ್‌ನಿಂದ ನೇರವಾಗಿ ಇನ್ನೊಂದರ ಕಡೆಗೆ ತಂಡವನ್ನು ನಡೆಸಿಕೊಂಡು ಹೋಗುವ ಅವಕಾಶ ಅಲ್ಲಿ ಮೊದಲು ಸಿಕ್ಕಿದ್ದು ಇವರಿಗೆ. 2023ರ ಸೆಪ್ಟೆಂಬರಿನಲ್ಲಿ ವೋಲ್ಫ್ಸ್‌ಬರ್ಗ್‌ಗೆ ಹೋಗಿ ಜರ್ಮನಿಯನ್ನು 4-1ರಿಂದ ಸೋಲಿಸಿದಾಗ, ಮರುದಿನವೇ ಜರ್ಮನಿಯ ಕೋಚ್ ಹಾನ್ಸಿ ಫ್ಲಿಕ್ ಕೆಲಸ ಕಳೆದುಕೊಂಡರು. ನನಾಮಿ, ರ್ಯೊಇಚಿ ಮಾಯೆದಾ, ಹಸೆಬೆಯವರಂತಹ ಮಾಜಿ ಆಟಗಾರರನ್ನು ಪಕ್ಕದಲ್ಲಿಟ್ಟುಕೊಂಡು ಅವರಿಗೆ ನಿಜವಾದ ಕೆಲಸ ಹಂಚಿಕೊಟ್ಟರು. ಇರಾನ್ ಎದುರಿನ ಸೋಲಿನ ಕೆಲವು ತಿಂಗಳ ನಂತರ ಹಿರೋಶಿಮಾದ ದಿನಗಳ ಆ ಹಳೆಯ ರಚನೆ, ಹಿಂದೆ ಮೂವರಿರುವುದು, ರಾಷ್ಟ್ರೀಯ ತಂಡದಲ್ಲಿ ಮರಳಿ ಬಂತು. ಆದರೆ ಅಂಚುಗಳಲ್ಲಿ ಈಗ ಓಡಿ ರಕ್ಷಿಸುವವರ ಬದಲು ಮಿತೊಮಾ ಮತ್ತು ದೋಆನ್! ಜರ್ಮನಿ ಎದುರು ಹತಾಶೆಯಲ್ಲಿ ಮಾಡಿದ್ದನ್ನು ಈಗ ಮೊದಲ ನಿಮಿಷದಿಂದಲೇ ಮಾಡತೊಡಗಿದರು. ಚೀನಾ ಏಳು ಗೋಲು ತಿಂದಿತು. 2025ರ ಮಾರ್ಚ್ 20ರಂದು ಬಹರೇನನ್ನು ಸೋಲಿಸಿದಾಗ, ಆತಿಥೇಯ ದೇಶಗಳನ್ನು ಬಿಟ್ಟರೆ 2026ರ ವಿಶ್ವಕಪ್‌ಗೆ ಎಲ್ಲರಿಗಿಂತ ಮೊದಲು ಅರ್ಹತೆ ಪಡೆದ ತಂಡ ಜಪಾನ್ ಆಯಿತು.

ಆ ವರ್ಷದ ಅಕ್ಟೋಬರ್ 14ರಂದು ಟೋಕಿಯೊದಲ್ಲಿ ಕೋಚ್ ಆಂಚೆಲೊಟ್ಟಿಯವರ ಬ್ರೆಜಿಲ್ ಎದುರಿಗಿತ್ತು. ಜಪಾನ್ ಅದುವರೆಗೆ ಒಮ್ಮೆಯೂ ಬ್ರೆಜಿಲ್ ಅನ್ನು ಸೋಲಿಸಿರಲಿಲ್ಲ. ವಿರಾಮದ ಹೊತ್ತಿಗೆ 0-2. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಟ್‌ಬುಕ್ಕಿನ ಚಿತ್ರಗಳು ಸುರಿದವು. ದ್ವಿತೀಯಾರ್ಧದಲ್ಲಿ ಜಪಾನಿನ ಮುಂಚೂಣಿಯವರು ಬ್ರೆಜಿಲ್ ರಕ್ಷಕರಿಗೆ ಉಸಿರಾಡಲೂ ಬಿಡದಂತೆ ಮೇಲೇರಿ ಹೋದರು. ಗಲಿಬಿಲಿಗೊಂಡ ಫಾಬ್ರಿಸಿಯೊ ಬ್ರೂನೊ ಚೆಂಡನ್ನು ಮಿನಾಮಿನೊ ಕಾಲಿಗೇ ಕೊಟ್ಟರು, ಅಲ್ಲಿಂದ ಇಪ್ಪತ್ತು ನಿಮಿಷದೊಳಗೆ ಮೂರು ಗೋಲು ಆಯಿತು, ಪಂದ್ಯ 3-2ಕ್ಕೆ ಮುಗಿಯಿತು. ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಒಬ್ಬ ಗೆಳೆಯ ಬರೆದ: ‘ಅದು ಬ್ರೂನೊ ಕೊಟ್ಟ ಉಡುಗೊರೆ, ಇದರಲ್ಲಿ ನಿಮ್ಮ ಪೊಯಿಚಿ ಮಾಡಿದ್ದೇನು?’ ಆ ರಕ್ಷಕನ ಎದುರಿಗೆ ಅಷ್ಟು ಜನ ಅಷ್ಟು ಹತ್ತಿರ ಹೋಗಿ ನಿಲ್ಲಬೇಕೆಂದು ವಿರಾಮದಲ್ಲಿ ಯಾರು ಹೇಳಿರಬಹುದು ಎಂದು ನಾನು ಕೇಳಿದೆ. ಅದಕ್ಕೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ.